ಹೀರಾಬಾಯಿಯ ಕಟ್ಟೆಯ ಮೇಲೆ ಕಲಿತ ಕನ್ನಡ

ಮಾಧವನಗರದ ಮಗ್ಗದ ಕೂಲಿಯ ಮಗಳು ಅಲಕಾಗೆ ಮರಾಠಿ ಬಿಟ್ಟರೆ ಬೇರೆ ಮಾತು ಬರುತ್ತಿರಲಿಲ್ಲ. ಎಪ್ಪತ್ತೆರಡರ ಬರ ಕಳೆದ ಮೇಲೆ ಸಾಂಗಲಿಯ ಕೂಲಿಕಾರರ ಸಂಘಟನೆಯವರು ಅವಳನ್ನು ಮ್ಹೈಸಾಳಕ್ಕೆ ಅಟ್ಟಿದರು. ಅಲ್ಲಿ ಸಕ್ಕರೆ ಕಾರ್ಖಾನೆಯ ಡೈರೆಕ್ಟರ್ ಅಪ್ಪಾಸಾಬನ ಕಬ್ಬಿನಲ್ಲಿ ಕಳೆ ತೆಗೆಯುವ ಹೆಂಗಸರೆಲ್ಲ ಗಡಿಯಾಚೆಯ ಕನ್ನಡದವರು. ಅವರ ಕೂಲಿ ಗಂಡಸರದ್ದರ ಅರ್ಧ. ಗಂಡಸರ ಕೂಲಿಯನ್ನೇ ಅವರಿಗೂ ಕೊಡಿಸಬೇಕು; ಅದಕ್ಕೆ ಅವರನ್ನು ಹೊಲದಿಂದ ಎಬ್ಬಿಸಬೇಕು; ಅದಕ್ಕೆ ಅವರ ಮಾತು ಬರಬೇಕು. ಎಬ್ಬಿಸಿದರೆ ಅಲಕಾ ನಾಯಕಿ. ಇಲ್ಲದಿದ್ದರೆ ಮತ್ತೆ ಅಪ್ಪನ ಮನೆಯ ಒಲೆ.

ಮಿರಜ ಸ್ಟೇಷನ್ನಿನ ಹತ್ತಿರ ಬೆಂಗಳೂರಲ್ಲಿ ಅಚ್ಚಾದ, ಕನ್ನಡ ಕಲಿಸುವ ಪುಸ್ತಕವೊಂದನ್ನು ಕೊಂಡಳು. ಅದನ್ನು ಬಾಯಿಪಾಠ ಮಾಡಿ ಬದುವಿನ ಮೇಲೆ ನಿಂತು, "ಸೋದರಿಯರೇ, ನಿಮ್ಮ ಕ್ಷೇಮವನ್ನು ವಿಚಾರಿಸಲು ಬಂದಿದ್ದೇನೆ" ಎಂದಳು. ಹೆಂಗಸರು ಕಳೆ ಕೀಳುವ ಕುರ್ಪಿ ಚೆಲ್ಲಿ ನಕ್ಕರು.

"ರೇಡಿಯೋದಾಗಿಂದ ಯಾವಾಗ ಇಳದಿ ಬೇ?" ಅಂದಳು ಅವರಲ್ಲಿ ಹಿರಿಯಳಾದ ಸಾತವ್ವ. ನಕ್ಕು ಮುಗಿದ ಮೇಲೆ ಕರೆದಳು ಕೂಡ: "ಆ ಬುಕ್ಕ ಒಲಿಗಿ ಹಾಕು. ನಮ್ಮ ಗುಡಸಲಕ ಬಾ, ರೊಟ್ಟಿ ಬಡ್ಕೊಂತ ಕಲಸ್ತೀನಿ. ಬೈಗಳ ಫುಕಟ್."

ಅಲಕಾ ಒಂದು ಸಂಜೆ ಹೋದಳು. ಹೊಗೆ, ಕೂಸಿನ ಉಚ್ಚೆಯ ನಾತ, ಮಾತಿಗೊಂದು ಹೊಲಸು ಬೈಗಳ. ಇದನ್ನು ಕಲಿತು ಸಭೆಯಲ್ಲಿ ಆಡುವುದು ಹೇಗೆ? ಮರುದಿನದಿಂದ, ಮನೆಯಲ್ಲಿ ಕನ್ನಡವನ್ನೇ ಆಡುವ ಅಪ್ಪಾಸಾಬನ ತಾಯಿ ಹೀರಾಬಾಯಿಯ ಕಟ್ಟೆ ಹಿಡಿದಳು. ಸಾಲಿಯಲ್ಲಿ ಕಲಿಸುವ ಮಾಸ್ತರಬಾಯಿ ಆಗುತ್ತೇನೆಂದು ಸುಳ್ಳು ಹೇಳಿದಳು. ಮುದುಕಿಗೂ ಹೊತ್ತು ಹೋಗಬೇಕಿತ್ತು.

"ಆ ಮಂದೀದೇನ ಮಾತು, ಕಾಗಿ ಒದರಿಧಂಗ. ನಮ್ದು ಕಲಿ. ತೊಳದ ಕನ್ನಡ."

ಅಲಕಾಗೆ ಸ್ಟೀಲ್ ಲೋಟದಲ್ಲಿ ಚಹಾ. ಕೂಲಿಯವರಿಗೆ ಕರಟದಲ್ಲಿ, ಮೇಲಿಂದ ಸುರಿದು. ಅಲಕಾ ನೋಡಿದಳು, ಲೋಟ ಖಾಲಿ ಮಾಡಿದಳು. ಮುದುಕಿ ಆಳುಗಳನ್ನು ಕರೆಯುವ, ಗದರುವ, ಪುಸಲಾಯಿಸುವ ಮಾತನ್ನೆಲ್ಲ ರಾಗಸಮೇತ ಗಿಣಿಯ ಹಾಗೆ ಹಿಡಿದಳು.

ಸಂಘಟನೆಯವರು ಗೊತ್ತುಮಾಡಿದ ಮುಷ್ಕರದ ದಿನ ಹೆಂಗಸರು ಹೊಲಕ್ಕಿಳಿಯದೆ ಬದುವಿನ ಮೇಲೆ ಕೂತಿದ್ದರು. ಮನಸ್ಸು ಮಾತ್ರ ಡೋಲಾಯಮಾನ. ಅಪ್ಪಾಸಾಬ ಬೇವಿನ ಕೆಳಗೆ ಅಡಿಕೆ ಅಗಿಯುತ್ತ ನಿಂತಿದ್ದ. ಅಲಕಾ ಸೆರಗು ಸಿಕ್ಕಿಸಿ ಕೂಗಿದಳು: "ನಮ್ಮವ್ವದೇರ, ಯಾಕ ಅಂಜತೀರಿ? ನಾ ಇದ್ದೀನಿ. ನಿಮ್ಮನ್ನ ಉಪವಾಸ ಕೆಡವಾಂಗಿಲ್ಲ!"

ಒಂದು ತಪ್ಪಿಲ್ಲ. ಹೆಂಗಸರು ಕೂಲಿ ಹೆಚ್ಚಿಸಿರಿ ಎಂದಾಗಲೆಲ್ಲ ಹೀರಾಬಾಯಿ ಹೇಳಿ ವಾಪಸು ಕಳಿಸುತ್ತಿದ್ದದ್ದು ಇದನ್ನೇ, ಇದೇ ರಾಗದಲ್ಲಿ.

ಹೆಂಗಸರ ಮುಖಗಳು ಬಿಗಿದುಕೊಂಡವು. ಸಾತವ್ವ ಎದ್ದು ಕುರ್ಪಿ ತಗೊಂಡಳು.

"ಒಡತಿ ಬಾಯಿ ಹಚ್ಕೊಂಡ ಬಂದಿಯೇನ? ದಿನಾ ಅಕಿ ಚಾ ಕುಡದಾಕಿ, ನಾವಾಡಿದ್ದು ಅಲ್ಲಿ ಊದಿಲ್ಲಂತ ಯಾರಿಗೊತ್ತು? ನಡೀರೇ. ಒಡತಿ ಒಬ್ಬಾಕಿ ಸಾಕು."

ಎಲ್ಲರೂ ಕಬ್ಬಿನೊಳಗೆ ಇಳಿದರು.

ಅಪ್ಪಾಸಾಬ ಹೊಟ್ಟೆ ಹಿಡಿದು ನಕ್ಕ. "ನಮ್ಮವ್ವಗ ಮೊಳಕಾಲ ಬ್ಯಾನಿ, ಹೊಲಕ್ಕ ಬರಾಕ ಆಗವಲ್ದು. ನಾಳಿಂದ ನೀ ಬಾ. ಇವರ ಮ್ಯಾಲ ಮುಕಾದಮ ಆಗಿ ನಿಂತು ಕೆಲಸ ಮಾಡಸು."

ಸಂಘಟನೆಯವರು ಮುಖ ತೋರಿಸಬೇಡ ಅಂದರು. ಅಪ್ಪನ ಒಲೆ ಅವಳಿಗೆ ಬೇಡವಾಗಿತ್ತು. ಮರುದಿನ ಅಪ್ಪಾಸಾಬನ ಹೊಲಕ್ಕೇ ಹೋದಳು. ಕೂದಲು ನೆರೆಯುವ ತನಕ ಅದೇ ಬದುವಿನ ಮೇಲೆ ನಿಂತಳು. ಹೆಂಗಸರ ಕೂಲಿ ಗಂಡಸರದ್ದರ ಅರ್ಧವೇ ಉಳಿಯಿತು.

ಸಾತವ್ವ ಬೆನ್ನು ಬಾಗಿದ ಮೇಲೂ ಬರುತ್ತಿದ್ದಳು. ಕಣ್ಣು ಮಂಜಾಗಿ ಒಂದು ದಿನ ಕಳೆಯ ಜೊತೆ ಕಬ್ಬಿನ ಮೊಳಕೆಯನ್ನೂ ಕಿತ್ತಳು. ಅಲಕಾ ಬೈಯಲಿಲ್ಲ. ಸಾಲಿನಿಂದ ಎಬ್ಬಿಸಿ, ತೊಳೆದ ಕನ್ನಡದಲ್ಲೇ ಹೇಳಿದಳು:

"ಸಾಕ ಯವ್ವಾ. ನಾಳಿಂದ ಬರಬ್ಯಾಡ."