ಕಿಟಕಿಗೆ ಅಂಟಿಸಿದ ಮನೆ

ಬಿಸಿಲಿಗೆ ಬೆಂದ ಅಂಟಿಗೆ ಸುಟ್ಟ ರಬ್ಬರಿನ ವಾಸನೆ. ಕಳೆದ ಶುಕ್ರವಾರ ಮಲಗುವ ಕೋಣೆಯ ಕಿಟಕಿಯಿಂದ ಬೆಳ್ಳಿ ಬಣ್ಣದ ಟೇಪನ್ನು ಕೀಳುತ್ತಿದ್ದಾಗ ಆ ವಾಸನೆ ಮೂಗಿಗೆ ಬಡಿದು ಎದುರು ಫ್ಲ್ಯಾಟಿನ ಅಣ್ಣ ನೆನಪಾದರು. ಟೇಪು ಅವರು ಕೊಟ್ಟದ್ದು. ಅದು ಹಿಡಿದಿಟ್ಟಿದ್ದ ಕಾಗದದ ಹಿಂಬದಿಯಲ್ಲಿ ಇದ್ದದ್ದು ಅವರ ಕೈಬರಹ. ಆ ಕಾಗದ ಬೇಕೆಂದು ಹಿಂದಿನ ದಿನ ಕಾರ್ಕಳದಿಂದ ಅವರ ಹೆಂಡತಿ ಫೋನು ಮಾಡಿದ್ದರು.

ಅಣ್ಣ ಇಲ್ಲಿ ಕುವೈತಿನ ಶುವೈಖ್ ಬಡಾವಣೆಯ ಒಂದು ವರ್ಕ್‌ಶಾಪಿನಲ್ಲಿ ಎಸಿ ಮೆಕ್ಯಾನಿಕ್ ಆಗಿದ್ದರು. ಬ್ನೇದ್ ಅಲ್ ಗಾರಿನ ಈ ಹಳೆಯ ಕಟ್ಟಡದ ಕೊನೆಯ ಮಹಡಿಯಲ್ಲಿ, ನಮ್ಮ ಬಾಗಿಲಿಗೆ ಎದುರಾಗಿ, ಇನ್ನಿಬ್ಬರ ಜತೆ ಇದ್ದರು. ನನ್ನ ಗಂಡನನ್ನು ‘ಪೊರ್ಬುಗಳೇ’ ಎಂದೂ ನನ್ನನ್ನು ‘ಬಾಯಮ್ಮ’ ಎಂದೂ ಕರೆಯುತ್ತಿದ್ದರು. ಊರಿನಲ್ಲಿ ತುಳುವರು ನಮ್ಮಂಥ ಕ್ರಿಶ್ಚಿಯನ್ನರನ್ನು ಕರೆಯುವುದು ಹಾಗೆಯೇ. ಆಫೀಸಿನಲ್ಲಿ ಇಡೀ ದಿನ ‘ಮೇಡಂ’ ಆಗಿದ್ದು ಬಂದವಳಿಗೆ ಮೆಟ್ಟಿಲಲ್ಲಿ ಆ ಮಾತು ಕೇಳಿದರೆ ಖುಷಿಯಾಗುತ್ತಿತ್ತು.

ನಮ್ಮ ಎಸಿ ಎಷ್ಟು ಓಡಿದರೂ ಕೋಣೆ ತಣಿಯುವುದಿಲ್ಲವೆಂದು ಒಮ್ಮೆ ಅವರನ್ನು ಕರೆದೆವು. ಅವರು ಮೆಷಿನ್ನಿನ ಕಡೆ ನೋಡಲೇ ಇಲ್ಲ. ಮಗುವಿನ ಜ್ವರ ನೋಡುವ ಹಾಗೆ ಕೈಯ ಹಿಂಬದಿಯನ್ನು ಗೋಡೆಗೆ, ಕಿಟಕಿಯ ಚೌಕಟ್ಟಿಗೆ, ಕೊನೆಗೆ ಸ್ಟೂಲು ಹತ್ತಿ ತಲೆಮೇಲಿನ ಸ್ಲ್ಯಾಬಿಗೆ ಒತ್ತಿ ನೋಡಿದರು.

“ಮೆಷಿನ್ ಸರಿ ಉಂಟು ಬಾಯಮ್ಮ. ಜ್ವರ ಇರುದು ಮನೆಗೆ. ದೊಡ್ಡ ಎಸಿ ಹಾಕಿದ್ರೆ ಕರೆಂಟ್ ತಿಂತದೆ ಅಷ್ಟೆ.”

ಅಂದೇ ಕಿಟಕಿಯ ಸಂದುಗಳಿಗೆಲ್ಲ ಆ ಬೆಳ್ಳಿ ಟೇಪು ಬಿತ್ತು. ಮುಂದಿನ ವಾರ ಕಟ್ಟಡ ಕಾಯುವ ಹಾರಿಸನನ್ನು ಪುಸಲಾಯಿಸಿ ತಾರಸಿಯ ಕೀ ಪಡೆದರು. ಎಲ್ಲೋ ಕೆಡವಿದ ಕೋಲ್ಡ್ ಸ್ಟೋರೇಜಿನ ದಪ್ಪ ಹಲಗೆಗಳನ್ನು ತಂದು, ಕೆಳಗೆ ಮರದ ತುಂಡು ಕೊಟ್ಟು, ನಡುವೆ ಗಾಳಿಯಾಡಲು ಜಾಗ ಬಿಟ್ಟು, ನಮ್ಮ ಕೋಣೆಯ ಮೇಲೆ ಸರಿಯಾಗಿ ಹಾಸಿ ಬಿಳಿ ಬಣ್ಣ ಬಳಿದರು. ಪಕ್ಕದಲ್ಲಿ ಯಾರೋ ಬೇಡವೆಂದು ಬಿಟ್ಟ ಎರಡು ಸೋಲಾರ್ ಪ್ಯಾನೆಲ್. ಅದರಿಂದ ನಮ್ಮ ಕೋಣೆಗೆ ಒಂದು ಫ್ಯಾನು, ಒಂದು ಬಲ್ಬು.

ಕಟ್ಟಡದವರೆಲ್ಲ ನಕ್ಕರು. ಪೆಟ್ರೋಲಿನ ದೇಶದಲ್ಲಿ ಸೂರ್ಯನ ಫ್ಯಾನಂತೆ! ಅಣ್ಣ ತಲೆ ಕೆಡಿಸಿಕೊಳ್ಳಲಿಲ್ಲ. ಶುಕ್ರವಾರ ಬೆಳಿಗ್ಗೆ ಬಕೆಟ್ಟು ಹಿಡಿದು ಹತ್ತಿ ಪ್ಯಾನೆಲ್ಲಿನ ಧೂಳು ತೊಳೆದು ಬರುತ್ತಿದ್ದರು.

“ಊರಲ್ಲಿ ನಾನು ಕಟ್ಟುವ ಮನೆಗೆ ಇದು ಪರೀಕ್ಷೆ. ಅಡಿಯಲ್ಲಿ ಮಲಗುವವರು ನೀವು. ಎಷ್ಟು ಮಾರ್ಕ್ ಅಂತ ನೀವೇ ಹೇಳ್ಬೇಕು,” ಎಂದಿದ್ದರು.

ನಾನು ಹೇಳಲಿಲ್ಲ. ಚೆನ್ನಾಗಿ ನಿದ್ದೆ ಬರುತ್ತಿತ್ತು, ಎದ್ದು ಆಫೀಸಿಗೆ ಓಡುತ್ತಿದ್ದೆ. ಹೇಳಬೇಕೆಂದು ತೋಚಲೇ ಇಲ್ಲ.

ಆಗಲೇ ನಾವೂ ಊರಲ್ಲಿ ಮನೆ ಕಟ್ಟಿಸುವ ಹುಮ್ಮಸ್ಸಿನಲ್ಲಿದ್ದೆವು. ಗಲ್ಫಿನವರ ಮನೆ ಎಂದರೆ ಹೇಗಿರಬೇಕೆಂದು ನಮ್ಮ ಕಡೆ ಎಲ್ಲರಿಗೂ ಗೊತ್ತು: ಎರಡು ಮಹಡಿ, ಚಪ್ಪಟೆ ಸ್ಲ್ಯಾಬು, ಎದುರಿಗೆ ಆಳೆತ್ತರದ ಕಪ್ಪು ಗಾಜು. ಎಂಜಿನಿಯರ್ ಕಳಿಸಿದ ಪ್ಲ್ಯಾನನ್ನು ನನ್ನ ಗಂಡ ಒಂದು ಶುಕ್ರವಾರ ಮೇಜಿನ ಮೇಲೆ ಬಿಡಿಸಿ ಅಣ್ಣನಿಗೆ ತೋರಿಸಿದರು.

“ಪಡುವಣಕ್ಕೆ ಗಾಜಾ ಪೊರ್ಬುಗಳೇ? ಮಧ್ಯಾಹ್ನ ಮೇಲೆ ಒಳಗೆ ಕೂತ್ಕೊಳ್ಳುದು ಹೇಗೆ?”

ಯಾರೂ ಕೇಳದೆ ಆ ಹಾಳೆಯನ್ನು ಮಗುಚಿ, ಜೇಬಿನ ನೀಲಿ ಬಾಲ್‌ಪೆನ್ನಿನಿಂದ ಒತ್ತಿ ಒತ್ತಿ ಗೀಚತೊಡಗಿದರು. ಸಣ್ಣ ಮನೆ. ಟೊಳ್ಳು ಮಣ್ಣಿನ ಇಟ್ಟಿಗೆ, ಪಡುವಣಕ್ಕೆ ಉದ್ದ ಜಗಲಿ, ಹಂಚಿನ ಸೂರು, ಅದರ ಕೆಳಗೆ ಇನ್ನೊಂದು ಮಾಡು, ತೆಂಕು ಇಳಿಜಾರಿಗೆ ಸೋಲಾರ್. ಖರ್ಚು ನಮ್ಮದರ ಅರ್ಧವಂತೆ. “ಇದು ನನ್ನ ಮನೆಯೇ. ಇಷ್ಟು ದಿನ ಮಂಡೆಯಲ್ಲೇ ಇತ್ತು, ಈಗ ನಿಮಗೆ ಕೊಟ್ಟೆ,” ಎಂದರು.

ಇಷ್ಟು ವರ್ಷ ಕುವೈತಿನಲ್ಲಿ ದುಡಿದು ಹಂಚಿನ ಮನೆಯೇ? ನನಗೆ ಸಿಟ್ಟು ಬಂತು. “ಅಣ್ಣ, ನಿಮಗೆ ಎಸಿ ರಿಪೇರಿ ಗೊತ್ತು. ಮನೆ ಕಟ್ಟುದು ಎಂಜಿನಿಯರಿಗೆ ಬಿಡಿ,” ಎಂದುಬಿಟ್ಟೆ.

ಅವರು ನಕ್ಕರು. ಚಹಾ ಪೂರ್ತಿ ಕುಡಿದರು, ಲೋಟವನ್ನು ತಾವೇ ತೊಳೆದಿಟ್ಟು ಹೋದರು. ಆ ಮಾತಿಗೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ.

ಮುಂದೆ ಬೇಸಿಗೆಯಲ್ಲಿ ಇಲ್ಲೂ ಮಧ್ಯಾಹ್ನ ಕರೆಂಟು ತೆಗೆಯುವುದು ಶುರುವಾಯಿತು. ಎಸಿ ನಿಂತಾಗ ಕಿಟಕಿಯ ಬಿಸಿಲು ತಡೆಯಲು ನನ್ನ ಗಂಡ ಅದೇ ಹಾಳೆಯನ್ನು ಗಾಜಿಗೆ ಅಂಟಿಸಿದರು. ಮಲಗಿದಲ್ಲಿಂದ ಕಾಣಲೆಂದು ಎಂಜಿನಿಯರನ ಪ್ಲ್ಯಾನು ಒಳಮುಖ, ಅಣ್ಣನ ಮನೆ ಬಿಸಿಲಿಗೆ. ಎಂಜಿನಿಯರನ ಮನೆಯನ್ನೇ ಕಟ್ಟಿಸಿದ್ದೂ ಆಯಿತು. ರಜೆಯಲ್ಲಿ ಹೋದರೆ ಮಧ್ಯಾಹ್ನ ಎರಡರ ಮೇಲೆ ಕಪ್ಪು ಗಾಜಿನ ಹಾಲ್‌ನಲ್ಲಿ ಸೆಕೆಗೆ ಕೂರಲಾಗುವುದಿಲ್ಲ. ಹಿಂದಿನ ಅಡುಗೆಮನೆಯಲ್ಲಿ ಚಾಪೆ ಹಾಸಿಕೊಳ್ಳುತ್ತೇವೆ.

ಕಂಪೆನಿ ಅಣ್ಣನ ಇಕಾಮಾ, ಅಂದರೆ ಇಲ್ಲಿರುವ ಪರವಾನಗಿ, ನವೀಕರಿಸಲಿಲ್ಲ. “ಖಲಾಸ್ ಬಾಯಮ್ಮ, ಇನ್ನು ಮನೆ ಕಟ್ಟುದು,” ಎಂದು ನಗುತ್ತಲೇ ಅಣ್ಣ ಊರಿಗೆ ಹೋದರು. ಮನೆಯ ಅಡಿಪಾಯಕ್ಕೆ ಪಂಚಾಂಗದ ಕಲ್ಲು ಬಂದಿಳಿದ ವಾರವೇ ಎದೆನೋವು ಬಂದು ತೀರಿಕೊಂಡರಂತೆ…

ಅವರ ಹೆಂಡತಿ ಅತ್ತಿಗೆಯನ್ನು ನಾನು ನೋಡಿಲ್ಲ, ಗುರುವಾರ ಫೋನಿನಲ್ಲಿ ದನಿ ಮಾತ್ರ ಕೇಳಿದ್ದು. “ಮೇಸ್ತ್ರಿ ಸ್ಲ್ಯಾಬೇ ಹಾಕುವ ಅಂತಾರೆ. ಇವರದ್ದೆಲ್ಲ ಬಾಯಲ್ಲೇ ಇತ್ತು, ಬರೆದದ್ದು ಕುವೈತಿನಲ್ಲಿ ನಿಮ್ಮಲ್ಲಿ ಮಾತ್ರ ಅಂತ ಹೇಳ್ತಿದ್ರು. ಅದು ಉಂಟಾ? ಮಳೆಗೆ ಮುಂಚೆ ಮಾಡು ಆಗ್ಬೇಕು.”

ಉಂಟು ಎಂದುಬಿಟ್ಟಿದ್ದೆ. ಟೇಪು ಕಿತ್ತು ಹಾಳೆ ಮಗುಚಿದರೆ ಏನೂ ಇರಲಿಲ್ಲ. ನೀಲಿ ಶಾಯಿಯನ್ನು ಬಿಸಿಲು ಪೂರ್ತಿ ತಿಂದಿತ್ತು. ಹಾಳೆ ಹಿಡಿದುಕೊಂಡು ಮಂಚದ ಮೇಲೆ ಕೂತು ಅತ್ತೆ.

ಆಮೇಲೆ ಬೆರಳಿಗೆ ಏನೋ ತಾಗಿತು. ಅಣ್ಣ ಒತ್ತಿ ಬರೆದಿದ್ದರಲ್ಲ, ಗೀರು ಉಳಿದಿತ್ತು. ಮಗಳ ಪೆನ್ಸಿಲನ್ನು ಅಡ್ಡ ಹಿಡಿದು ಮೆಲ್ಲಗೆ ಉಜ್ಜಿದೆ. ಗೋಡೆ ಬಂತು, ಜಗಲಿ ಬಂತು, ಎರಡು ಮಾಡೂ ಬಂದವು. ಎರಡರ ನಡುವಿನ ಅಂತರದ ಅಂಕಿ ಮಾತ್ರ ಹಾಳೆಯ ಅಂಚಿನ ಸಮೇತ ಟೇಪಿನ ಜತೆ ಕಿತ್ತುಹೋಗಿತ್ತು. ಅಲ್ಲಿ ಬರೆಯುವಾಗ ಅವರು ಮೇಲೆ ಬೆರಳು ತೋರಿಸಿ, “ನಿಮ್ಮ ತಲೆ ಮೇಲೆ ಬಿಟ್ಟಷ್ಟೇ ಜಾಗ,” ಎಂದದ್ದು ನೆನಪಾಯಿತು.

ಹಾರಿಸನಿಂದ ಕೀ ಪಡೆದು ತಾರಸಿಗೆ ಹೋದೆ. ಪ್ಯಾನೆಲ್ ಮೇಲೆ ಧೂಳು ಗಟ್ಟಿಯಾಗಿ ಕೂತಿತ್ತು. ಬಟ್ಟೆ ಅಳೆಯುವ ಟೇಪಿನಿಂದ ಹಲಗೆಯ ಕೆಳಗಿನ ಜಾಗ ಅಳೆದೆ. ಪ್ಯಾನೆಲ್ ತೊಳೆದೆ. ಅಲ್ಲಿಂದಲೇ ಫೋನು ಮಾಡಿದೆ.

“ಐದೂವರೆ ಇಂಚಾ? ನಿಲ್ಲಿ, ಬರ್ಕೊಳ್ತೇನೆ,” ಎಂದರು ಅತ್ತಿಗೆ. ಬರೆದುಕೊಂಡು ಕೇಳಿದರು: “ಅಲ್ಲಿ ಇವರು ಮಾಡಿದ್ದು ಹೌದಾ ತಂಪು? ಮೇಸ್ತ್ರಿಗೆ ಹೇಳ್ಲಿಕ್ಕೆ ಬೇಕಿತ್ತು.”

“ತಂಪುಂಟು ಅತ್ತಿಗೆ. ನೂರಕ್ಕೆ ನೂರು,” ಎಂದೆ. ಅಣ್ಣ ಎದುರು ಬಾಗಿಲಲ್ಲೇ ಇದ್ದಾಗ ಹೇಳಬೇಕಿದ್ದ ಮಾತು ಅದು.