ಶೂ ತಿರುಗಿಸಿ ನೋಡುವವರು

ನನಗೆ ಹಿಮೋಫಿಲಿಯಾ. ರಕ್ತ ಬೇಗ ಹೆಪ್ಪುಗಟ್ಟದೆ ಕೀಲುಗಳೊಳಗೆ ಸೋರಿ ಅವನ್ನು ಹಾಳುಮಾಡುತ್ತದೆ. ಸಿಂಗಪುರದಲ್ಲಿ ನನ್ನ ಕೀಲುಗಳನ್ನು ಪರೀಕ್ಷಿಸುತ್ತಿದ್ದವರು ಉಡುಪಿ ಕಡೆಯ ಫಿಸಿಯೋಥೆರಪಿಸ್ಟ್ ಮೇಡಂ ಒಬ್ಬರು. ಮೊದಲು ಶೂ ತಿರುಗಿಸಿ, ಅಡಿ ಎಲ್ಲಿ ಸವೆದಿದೆಯೆಂದು ನೋಡುತ್ತಿದ್ದರು; ಯಾವ ಕಾಲಿಗೆ ಭಾರ ಕೊಡುತ್ತಿಲ್ಲವೆಂದು ಅದರಿಂದಲೇ ಅವರಿಗೆ ತಿಳಿಯುತ್ತಿತ್ತು. “ನೋವಿಗೆ ಕಾಯ್ಬೇಡಿ, ಮೊದ್ಲೇ ಹೇಳಿ” ಎನ್ನುವುದು ಅವರ ಮಾತು.

ಒಮ್ಮೆ ಎಡಗಾಲು ಕುಂಟುತ್ತಿದ್ದುದನ್ನು ಮುಚ್ಚಿಡಲು ಹೊಸ ಶೂ ಹಾಕಿಕೊಂಡು ಹೋದೆ.

“ಹಳೇದೆಲ್ಲಿ?”

“ಎಸೆದ್ಬಿಟ್ಟೆ, ಮೇಡಂ.”

ಅವರು ಬಗ್ಗಿ ನನ್ನ ಎಡ ಪಾದದ ಕೀಲು ಮುಟ್ಟಿದರು. ಬಿಸಿಯಾಗಿತ್ತು. ಸ್ಕ್ಯಾನ್‌ನಲ್ಲಿ ಕೀಲಿನೊಳಗೆ ರಕ್ತ ಕಂಡಿತು.

“ಬ್ಯಾಡ್ಮಿಂಟನ್ ಸ್ಟಾಪ್ ಮಾಡಿಸ್ತೀರ ಅಂತ ಹೇಳ್ಲಿಲ್ಲ,” ಎಂದೆ.

“ನಾನಿರೋದು ಆಟ ನಿಲ್ಸೋಕಲ್ಲ, ಆಡ್ಸೋಕೆ,” ಎಂದರು.

ಇಂಜೆಕ್ಷನ್, ವಿಶ್ರಾಂತಿ, ವ್ಯಾಯಾಮ ಎಲ್ಲ ಮುಗಿದು, ತಿಂಗಳುಗಳ ಮೇಲೆ ಬಿಶಾನ್ ಬಡಾವಣೆಯ ಬ್ಯಾಡ್ಮಿಂಟನ್ ಕೋರ್ಟಿಗೆ ಮರಳಿದೆ. ಅವರೂ ಬಂದಿದ್ದರು. ಎಲ್ಲರೂ ಶಟಲ್ ನೋಡುತ್ತಿದ್ದರು. ಅವರು ಮಾತ್ರ ನನ್ನ ಪಾದವನ್ನೇ ನೋಡುತ್ತ ನಿಂತಿದ್ದರು.