ಪಟ್ಟಿಗೆ ಸೇರದ ಸಾಲ

ನಮ್ಮ ವಾರ್ಡಿನ ಆಯಮ್ಮನಿಗೆ ನಾನು ಕೊಡಬೇಕಾಗಿದ್ದ ನಲವತ್ತು ಸಾವಿರ ರೂಪಾಯಿಗೆ ಯಾವ ಕಾಗದವೂ ಇರಲಿಲ್ಲ. ಆಕೆಯ ಮಗಳಿಗೆ ಚಿತ್ರದುರ್ಗದ ನರ್ಸಿಂಗ್ ಕಾಲೇಜೊಂದರಲ್ಲಿ ಸೀಟು ಸಿಕ್ಕಿತ್ತು. ಶನಿವಾರದೊಳಗೆ ಫೀಸು ಕಟ್ಟದಿದ್ದರೆ ಆ ಸೀಟು ಬೇರೆಯವರ ಪಾಲಾಗುತ್ತಿತ್ತು. ಇದೆಲ್ಲ ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಆ ವಾರದ ಸೋಮವಾರ ನನ್ನ ಸಾಲಗಳ ಪಟ್ಟಿ ಬರೆಯುವಾಗ ಆಕೆಯದನ್ನು ಬಿಟ್ಟೆ.

ನಾನು ಹೊಸದುರ್ಗದ ಕಡೆಯ ಒಂದು ಆಸ್ಪತ್ರೆಯಲ್ಲಿ ಗುತ್ತಿಗೆಯ ಮೇಲೆ ಇರುವ ನರ್ಸು. ಗುತ್ತಿಗೆಯವರ ಸಂಬಳ ಎಂದರೆ ಬಂದಾಗ ಬಂತು. ಒಮ್ಮೆ ಐದು ತಿಂಗಳು ಬರಲೇ ಇಲ್ಲ. ಅದೇ ಹೊತ್ತಿಗೆ ನನ್ನ ಗಂಡ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡು ಮನೆಯಲ್ಲಿ ಕೂತರು. ಮೊದಲು ಮಹಿಳೆಯರ ಸಂಘವೊಂದರಲ್ಲಿ ಸಾಲ ತೆಗೆದೆ. ಅದರ ಕಂತು ಕಟ್ಟಲು ಇನ್ನೊಂದು ಸಂಘಕ್ಕೆ ಸೇರಿದೆ. ಅದೂ ಸಾಲದೆ ಕೊರಳಿನ ಮಾಂಗಲ್ಯದ ಸರವನ್ನು ತವರೂರಾದ ಹಿರಿಯೂರಿಗೆ ಒಯ್ದು ಅಡವಿಟ್ಟೆ. ಹೊಸದುರ್ಗದಲ್ಲೇ ಇಡಬಹುದಿತ್ತು. ಆದರೆ ಅಲ್ಲಿ ಅರ್ಧ ಊರಿಗೆ ನಾನೇ ಸೂಜಿ ಚುಚ್ಚಿದ್ದೇನೆ, ಅಡವಿನ ಆಫೀಸಿನಲ್ಲಿ ಯಾರು ಎದುರಾಗುತ್ತಾರೋ ಎಂಬ ಭಯ. ಕೊನೆಗೆ ಐದೇ ನಿಮಿಷಕ್ಕೆ ಸಾಲ ಕೊಡುವ ಮೊಬೈಲ್ ಆ್ಯಪಿಗೂ ಬೆರಳೊತ್ತಿದೆ. ಉಪ್ಪು ಬಿಡಿ, ಸಕ್ಕರೆ ಬಿಡಿ ಎಂದು ಊರಿಗೆಲ್ಲ ಬುದ್ಧಿ ಹೇಳುವ ನನ್ನ ಬುದ್ಧಿ ಆಗ ಎಲ್ಲಿ ಮೇಯಲು ಹೋಗಿತ್ತೋ.

ಆಯಮ್ಮ ನಮ್ಮ ಹೆರಿಗೆ ವಾರ್ಡಿನಲ್ಲಿ ನೆಲ ಒರೆಸುವ, ಬಾಣಂತಿಯರ ಬಟ್ಟೆ ಬದಲಿಸುವ ಐವತ್ತರ ಹೆಂಗಸು. ಕುರಿ ಸಾಕುವ ಮನೆಯವಳು. ಆಕೆಯ ಸಂಬಳ ನನ್ನದಕ್ಕಿಂತಲೂ ಕಡಿಮೆ. ಒಂದು ಬೆಳಿಗ್ಗೆ ಸಂಘದ ವಸೂಲಿಯವನು ವಾರ್ಡಿನ ಬಾಗಿಲಿಗೇ ಬಂದು, ಬಾಣಂತಿಯರ ಎದುರಿಗೇ ನನ್ನ ಮಾನ ಕಳೆದು ಹೋದ. ಮರುದಿನ ಆಯಮ್ಮ ಟವೆಲಿನಲ್ಲಿ ಸುತ್ತಿದ ನಲವತ್ತು ಸಾವಿರ ತಂದು ನನ್ನ ಕೈಗಿಟ್ಟಳು. ನಾಲ್ಕು ಟಗರು ಮಾರಿದ ದುಡ್ಡು, ಮಗಳ ಓದಿಗೆಂದು ಇಟ್ಟದ್ದು, ಕಾಲೇಜು ಶುರುವಾಗುವ ಹೊತ್ತಿಗೆ ಕೊಟ್ಟರೆ ಸಾಕು ಎಂದಳು. ನಾನು ತೆಗೆದುಕೊಂಡೆ. ಬೇಡ ಎನ್ನುವ ಸ್ಥಿತಿಯಲ್ಲಿ ಇರಲಿಲ್ಲ.

ನನ್ನ ಅವಸ್ಥೆ ನೋಡಲಾರದೆ ದಾರಿ ತೋರಿಸಿದವರು ನಮ್ಮ ಹಿರಿಯ ಸಿಸ್ಟರ್. ನಿವೃತ್ತಿಗೆ ಇನ್ನೆರಡು ವರ್ಷ ಇರುವ, ಖಾಯಂ ಕೆಲಸದವರು. ಚಿತ್ರದುರ್ಗದಲ್ಲಿ ಆಸ್ಪತ್ರೆ ನೌಕರರ ಒಂದು ಪತ್ತಿನ ಸೊಸೈಟಿ ಇದೆ, ಚಿಲ್ಲರೆ ಸಾಲಗಳನ್ನೆಲ್ಲ ತೀರಿಸಿ ಒಂದೇ ಸಾಲ ಮಾಡಿಕೊಡುತ್ತಾರೆ, ಬಡ್ಡಿ ಕಡಿಮೆ, ತಿಂಗಳಿಗೆ ಒಂದೇ ಕಂತು ಎಂದರು. ಗುತ್ತಿಗೆಯವರಿಗಾದರೆ ಇಬ್ಬರು ಖಾಯಂ ನೌಕರರ ಜಾಮೀನು ಬೇಕು. ಒಂದನ್ನು ತಾವೇ ಹಾಕುವುದಾಗಿ ಹೇಳಿದರು, ನಮ್ಮ ಫಾರ್ಮಸಿಯವರನ್ನೂ ಒಪ್ಪಿಸಿದರು. ನಾನು ಮಾಡಬೇಕಾದದ್ದು ಒಂದೇ, ಸಾಲಗಳ ಪಟ್ಟಿ.

ಡ್ಯೂಟಿ ರೂಮಿನಲ್ಲಿ ಕೂತು, ಖಾಲಿ ಕೇಸ್ ಶೀಟೊಂದರ ಮೇಲೆ ಬರೆದೆ. ನಮ್ಮ ಕಸುಬಿನಲ್ಲಿ ಮೊದಲು ಕಲಿಸುವುದೇ ಇದನ್ನು: ಕೇಸ್ ಶೀಟಿನಲ್ಲಿ ಬರೆಯದ ಇಂಜೆಕ್ಷನ್ ಕೊಟ್ಟೇ ಇಲ್ಲವೆಂದು ಲೆಕ್ಕ. ಹದಿಮೂರು ವರ್ಷ ಆ ಲೆಕ್ಕದಲ್ಲೇ ಬದುಕಿದವಳು ಸಾಲಕ್ಕೂ ಅದನ್ನೇ ಹಚ್ಚಿದೆ. ಪಾಸ್‌ಬುಕ್ಕು, ರಸೀತಿ, ಮೆಸೇಜು ಏನಾದರೊಂದು ಇದ್ದದ್ದನ್ನು ಬರೆದೆ. ಎರಡು ಸಂಘ, ಸರದ ಅಡವು, ಆ್ಯಪು. ನಾಲ್ಕನ್ನು ಕೂಡಿದರೆ ಸೊಸೈಟಿ ಕೊಡುವ ಮಿತಿಗೆ ಸರಿಯಾಯಿತು. ಆಯಮ್ಮನದನ್ನು ಸೇರಿಸಿದ್ದರೆ ಒಂದನ್ನು ಬಿಡಬೇಕಾಗುತ್ತಿತ್ತು, ಬಿಡುವುದಾದರೆ ಸರವನ್ನೇ. ಸರ ವಾಪಸ್ ಬರಲಿ ಎಂಬ ಆಸೆ ನನ್ನದು. ಗದ್ದಲ ಮಾಡುವವರದ್ದೆಲ್ಲ ಬರೆದೆ, ಗದ್ದಲ ಮಾಡದವಳನ್ನು ಬಿಟ್ಟೆ. ಅದನ್ನು ಇವತ್ತಿಗೂ ಬೇರೆ ಮಾತಿನಲ್ಲಿ ಹೇಳಲು ಬರುವುದಿಲ್ಲ.

ಮಂಗಳವಾರ ಬೆಳಗಿನ ಬಸ್ಸಿಗೆ ಹೊಳಲ್ಕೆರೆ ಮೇಲೆ ಚಿತ್ರದುರ್ಗಕ್ಕೆ ಹೋದೆವು, ನಾನು, ಹಿರಿಯ ಸಿಸ್ಟರ್, ಫಾರ್ಮಸಿಯವರು. ಸೊಸೈಟಿಯ ಕಾರ್ಯದರ್ಶಿ ನಿಧಾನದ ಮನುಷ್ಯ. ಮುಚ್ಚಳಿಕೆ ಪತ್ರವನ್ನು ಅಕ್ಷರ ಅಕ್ಷರ ಓದಿದರು. ಪಟ್ಟಿಯಲ್ಲಿರುವುದು ಬಿಟ್ಟು ಬೇರೆ ಸಾಲ ಇರಕೂಡದು, ಮುಂದೆ ಬೇರೆಯವರಿಗೆ ಜಾಮೀನು ನಿಲ್ಲಕೂಡದು, ನಾನು ಕಂತು ತಪ್ಪಿಸಿದರೆ ಜಾಮೀನುದಾರರ ಸಂಬಳಕ್ಕೇ ಕತ್ತರಿ. ಹಿರಿಯ ಸಿಸ್ಟರ್ ಪೆನ್ನು ಹಿಡಿದವರು ನನ್ನ ಕಡೆ ತಿರುಗಿದರು.

"ಇಷ್ಟೇನಾ? ಇನ್ನೇನಾರ ಐತಾ?"

ಇಷ್ಟೇ ಎಂದೆ. ಅವರು ಸೈ ಮಾಡಿದರು.

ಬುಧವಾರ ಬೆಳಿಗ್ಗೆ ಡ್ಯೂಟಿಗೆ ಬಂದಾಗ ಆಸ್ಪತ್ರೆಯ ಬೇವಿನ ಮರದ ಕಟ್ಟೆಯ ಮೇಲೆ ಸಂಘದ ವಸೂಲಿಯವನು ಕೂತಿದ್ದ. ನನ್ನ ಬಾಕಿಯೆಲ್ಲ ತೀರುವುದರಲ್ಲಿದೆ, ಇವನಿಗಿನ್ನೇನು ಕೆಲಸ ಎಂದುಕೊಳ್ಳುತ್ತಿರುವಾಗ ಆಯಮ್ಮ ಒಂದು ಅರ್ಜಿ ಹಿಡಿದುಕೊಂಡು ಬಂದಳು.

"ಸಿಸ್ಟರಮ್ಮ, ಸಂಘದಾಗೆ ನಲವತ್ತು ಸಾವಿರ ಕೊಡ್ತಾರಂತೆ. ಐದು ಜನ ಬೇಕಂತೆ, ನಾಲ್ಕು ಜನ ಆಗೀವಿ. ನೀವೊಂದು ಸೈ ಹಾಕ್ರಿ."

ತನ್ನ ದುಡ್ಡಿನ ಮಾತೇ ಎತ್ತಲಿಲ್ಲ. ನನ್ನಿಂದ ಬರಬೇಕಾದ ನಲವತ್ತು ಸಾವಿರವನ್ನೇ ಆಕೆ ಬಡ್ಡಿಗೆ ತರಲು ಹೊರಟಿದ್ದಳು, ಅದೂ ನನ್ನ ಮಾನ ತೆಗೆದವನ ಹತ್ತಿರ, ಅದಕ್ಕೆ ನಾನೇ ಜಾಮೀನು. ಆ ಸಂಘದ ವಾರದ ಸಭೆ ಹೇಗಿರುತ್ತದೆಂದು ನನಗೆ ಗೊತ್ತಿತ್ತು. ಐವರಲ್ಲಿ ಒಬ್ಬಳ ಕಂತು ಕಡಿಮೆಯಾದರೂ ಯಾರೂ ಮೇಲೇಳುವಂತಿಲ್ಲ. ಮನೆಯಲ್ಲಿ ಮಗು ಅಳುತ್ತಿರಲಿ, ಒಲೆಯ ಮೇಲೆ ಅನ್ನ ಸೀಯುತ್ತಿರಲಿ, ಉಳಿದ ನಾಲ್ವರು ಆ ಒಬ್ಬಳನ್ನು ಹರಿದು ತಿನ್ನುತ್ತಾರೆ. ಕಡಿಮೆ ಬಿದ್ದವಳಾಗಿ ನಾನು ಕೂತಿದ್ದೇನೆ. ಹರಿದು ತಿಂದವರ ಜೊತೆಯಲ್ಲೂ ಕೂತಿದ್ದೇನೆ.

ನಾಳೆ ನೋಡೋಣ ಎಂದೆ. ನಾಳೆ ಆಗುವುದಿಲ್ಲ, ಆ ಮನುಷ್ಯ ಮತ್ತೆ ಬರುವುದು ಮುಂದಿನ ವಾರವೇ ಎಂದಳು. ಮುಂದಿನ ವಾರಕ್ಕೆ ಸೀಟು ಇರುವುದಿಲ್ಲ. ಆತ ಕಟ್ಟೆಯಿಂದ ಎದ್ದು ಗಡಿಯಾರ ನೋಡಿಕೊಂಡ. ನನಗೆ ಏನು ಬಂತೋ, ಅರ್ಜಿಯನ್ನು ಆಕೆಯ ಕೈಯಿಂದ ಕಿತ್ತುಕೊಂಡೆ.

"ಬ್ಯಾಡಮ್ಮ. ಶುಕ್ರವಾರ ಸಂಜೆಯೊಳಗೆ ನಾನು ಕೊಡ್ತೀನಿ."

ಆಕೆ ನನ್ನ ಮುಖವನ್ನೇ ನೋಡಿದಳು. ಆಮೇಲೆ ಹೋಗಿ ಅವನಿಗೆ ಬೇಡವೆಂದು ಹೇಳಿ ಬಂದಳು. ಅವನ ಬೈಕು ಗೇಟು ದಾಟಿತು. ಆಕೆಗಿದ್ದ ಒಂದೇ ದಾರಿಯನ್ನು ನಾನೇ ಮುಚ್ಚಿದ್ದೆ, ನನ್ನ ಪರ್ಸಿನಲ್ಲಿ ಇನ್ನೂರು ರೂಪಾಯಿ ಇಟ್ಟುಕೊಂಡು.

ನೇರ ಹಿರಿಯ ಸಿಸ್ಟರ್ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರು ಇಂಜೆಕ್ಷನ್ ಟ್ರೇಯನ್ನು ಕೆಳಗಿಟ್ಟು ಬಾಗಿಲು ಹಾಕಿದರು. ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ತಮ್ಮ ಸಂಬಳವನ್ನು ಒತ್ತೆ ಇಟ್ಟು ಸೈ ಮಾಡಿದವರ ಎದುರಿಗೇ ಸುಳ್ಳು ಹೇಳಿದವಳು ನಾಳೆ ರೋಗಿಯ ವಿಷಯದಲ್ಲೂ ಹೇಳುವುದಿಲ್ಲ ಎಂದು ಹೇಗೆ ನಂಬಲಿ ಎಂದರು. ಅಲ್ಲೇ ಸೊಸೈಟಿಗೆ ಫೋನು ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಕಾಗದವಿಲ್ಲದ ಕೈಸಾಲಕ್ಕೆ ತಾವು ದುಡ್ಡು ಕೊಡಲಾಗುವುದಿಲ್ಲ, ಆದರೆ ಅದು ತೀರಿದೆಯೆಂದು ವಾರದೊಳಗೆ ಬರೆದುಕೊಟ್ಟರೆ ಉಳಿದದ್ದನ್ನು ತಡೆಯುವುದಿಲ್ಲ ಎಂದು ಕಾರ್ಯದರ್ಶಿ ಹೇಳಿದರಂತೆ. ಫೋನು ಇಟ್ಟ ಹಿರಿಯ ಸಿಸ್ಟರ್ ನನ್ನ ಖಾಲಿ ಕೊರಳು ನೋಡಿದರು.

"ಸರ ಬಿಡಿಸ್ಕಂಡ ಕೂಡ್ಲೇ ಮಾರು. ಕೊರಳಿಗೆ ಹಾಕ್ಕಂಡು ಮನೆಗೆ ಬಂದ್ಯೋ, ಜಾಮೀನು ವಾಪಸ್ ತಗಂತೀನಿ."

ಗುರುವಾರ ಸೊಸೈಟಿಯಲ್ಲಿ ಅಡವಿನ ಆಫೀಸಿನ ಹೆಸರಿಗೆ ಬರೆದ ಡಿಡಿ ಕೈಗೆ ಬಂತು. ಶುಕ್ರವಾರ ಹತ್ತು ಗಂಟೆಗೆಲ್ಲ ಹಿರಿಯೂರಿನ ಅಡವಿನ ಆಫೀಸಿನಲ್ಲಿದ್ದೆ. ತಿಜೋರಿಗೆ ಎರಡು ಕೀಲಿ, ಒಂದು ಮ್ಯಾನೇಜರ್ ಹತ್ತಿರ, ಮ್ಯಾನೇಜರ್ ಜವನಗೊಂಡನಹಳ್ಳಿಗೆ ಹೋಗಿದ್ದಾರೆ, ಊಟದ ಹೊತ್ತಿಗೆ ಬರುತ್ತಾರೆ ಎಂದರು. ಊಟದ ಹೊತ್ತು ಮೀರಿತು. ಎರಡಾಯಿತು, ಮೂರಾಯಿತು. ಆಯಮ್ಮನಿಂದ ಒಂದು ಫೋನೂ ಬರಲಿಲ್ಲ. ಬಂದಿದ್ದರೆ ವಾಸಿ, ಸುಮ್ಮನಿರುವವರ ಸಾಲ ಎದೆಯ ಮೇಲೆ ಕೂರುತ್ತದೆ. ಮ್ಯಾನೇಜರ್ ಬಂದಾಗ ಮೂರೂವರೆ. ಸರ ಕೈಗೆ ಬಿದ್ದೊಡನೆ ಪೇಟೆಯ ಒಬ್ಬ ಸಾಬರ ಚಿನ್ನದ ಅಂಗಡಿಗೆ ಹೆಚ್ಚುಕಡಿಮೆ ಓಡಿದೆ. ಅವರು ಕರಿಮಣಿ ಬಿಡಿಸಿ, ತೂಗಿ, ಸವಕಲಿಗೆ ಇಷ್ಟೆಂದು ಕಳೆದು ದುಡ್ಡು ಕೊಟ್ಟರು. ತಾಳಿಯನ್ನು ಮಾತ್ರ ನನಗೆ ವಾಪಸ್ ಕೊಟ್ಟು, ಇದನ್ನು ನಾನು ತೂಗುವುದಿಲ್ಲಮ್ಮ ಎಂದರು. ಅಲ್ಲಿಯೇ ಅಳು ಬಂತು. ಅರಿಶಿನದ ದಾರಕ್ಕೆ ಕಟ್ಟಿಕೊಂಡು ನಾಲ್ಕೂಕಾಲರ ಬಸ್ಸು ಹತ್ತಿದೆ. ನಲವತ್ತು ಸಾವಿರದ ಮೇಲೆ ಸ್ವಲ್ಪವೇ ಉಳಿದಿತ್ತು. ಆ ಸರಕ್ಕಾಗಿ ನಾನು ಏನು ಮಾಡಲು ಹೊರಟಿದ್ದೆನೆಂದು ದಾರಿಯುದ್ದಕ್ಕೂ ನಾಚಿಕೆಯಾಯಿತು.

ಆರೂವರೆಗೆ ವಾರ್ಡಿಗೆ ಬಂದೆ. ಆಯಮ್ಮ ಹೆರಿಗೆ ಕೋಣೆಯ ನೆಲ ಒರೆಸುತ್ತಿದ್ದಳು. ದುಡ್ಡು ತೋರಿಸಿದೆ. ಕೈ ಒದ್ದೆಯಿದೆ, ಗೂಟಕ್ಕೆ ನೇತುಹಾಕಿರುವ ಚೀಲದಲ್ಲಿಡಿ ಎಂದಳು. ಇಟ್ಟೆ. ನಾನು ತಡ ಮಾಡಿದ್ದಕ್ಕೆ ಏನೇನೋ ಕಾರಣ ಹೇಳಲು ಶುರುಮಾಡಿದೆ, ಸಂಬಳ, ಗಂಡನ ಕಾಲು, ಸೊಸೈಟಿ. ಆಕೆ ಒರೆಸುವುದನ್ನು ನಿಲ್ಲಿಸಿದಳು.

"ಟೇಬಲ್ ಒರೆಸಾಗ ನಿಮ್ಮ ಪಟ್ಟಿ ನೋಡಿದ್ದೆ, ಸಿಸ್ಟರಮ್ಮ. ಏಳನೇ ಕ್ಲಾಸ್‌ಗಂಟ ಓದೀನಿ ನಾನು. ಅದ್ರಾಗೆ ನಂದು ಇರ್ಲಿಲ್ಲ."

ನೋಡಿದವಳು ಯಾಕೆ ಕೇಳಲಿಲ್ಲ ಎಂದೆ.

"ಕೇಳಿದ್ರೆ ನೀವು ನನ್ನ ಮುಂದೂ ಸುಳ್ಳು ಹೇಳ್ಬೇಕಾಗಿತ್ತು. ಅದು ನಂಗೆ ಬ್ಯಾಡಾಗಿತ್ತು."

ಸಿಟ್ಟಿಲ್ಲ, ಚುಚ್ಚುವ ದನಿಯೂ ಅಲ್ಲ. ಮಗಳು ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಡಬೇಕು, ತನ್ನ ಕೈಯೆಲ್ಲ ಫಿನಾಯಿಲ್, ದುಡ್ಡು ಬಂತು ಅಂತ ನೀವೇ ಅವಳಿಗೆ ಹೇಳಿ ಎಂದಳು. ನಾನು ಆಕೆಯ ಮೊಬೈಲ್ ತೆಗೆದು ನಂಬರ್ ಒತ್ತಿದೆ. ಆ ಕಡೆಯಿಂದ ಹುಡುಗಿ ಅಮ್ಮ, ಅಮ್ಮ ಎನ್ನುತ್ತಿದ್ದಳು. ಅಮ್ಮ ಅಲ್ಲಮ್ಮ, ನಿಮ್ಮಮ್ಮನಿಗೆ ದುಡ್ಡು ಕೊಡಬೇಕಾಗಿದ್ದವಳು, ಈಗ ಕೊಟ್ಟೆ ಎಂದೆ.